ಸಂಕೀರ್ಣತೆಗೆ ಇಪ್ಪತ್ತು ಅಂಕ

ಅಂಕಪಟ್ಟಿಯ ನಾಲ್ಕನೇ ಕಾಲಮ್ಮು: ಸಂಕೀರ್ಣತೆ.
ಇಪ್ಪತ್ತಕ್ಕೆ ಎಷ್ಟು?
ವಿದ್ಯಾನಗರದ ಈ ಮೂರನೇ ಮಹಡಿಯಲ್ಲಿ
ಮೇ ತಿಂಗಳ ಮಧ್ಯಾಹ್ನ, ಕರೆಂಟು ಹೋಗಿದೆ,
ಹೊರಗಿನ ಪರೀಕ್ಷಕಳೆಂದು ಧಾರವಾಡದಿಂದ ಕರೆಸಿಕೊಂಡ ನಾನು
ಪೆನ್ನಿನ ಮುಚ್ಚಳ ತೆಗೆದು, ಹಾಕಿ, ತೆಗೆದು.

ಮೊದಲು ಬಂದವ ಆದರ್ಶ ಪಟ್ಟಣಶೆಟ್ಟಿ.
ವಿಮಾನ ನಿಲ್ದಾಣ. ಜಿಲೇಬಿಯ ಹಾಗೆ
ಸುತ್ತಿ ಸುತ್ತಿ ತನ್ನ ಬಾಲವನ್ನೇ ನುಂಗುವ ಛಾವಣಿ,
ಒಂದೊಂದು ಗಾಜಿಗೂ ಒಂದೊಂದು ಅಳತೆ, ಹನ್ನೊಂದು ಸಾವಿರ ತುಂಡು.
ಎದುರಿನ ಅಂಗಡಿಯಲ್ಲಿ ನಸುಕಿನ ನಾಲ್ಕರ ತನಕ ನಿಂತು
ಪ್ರಿಂಟ್ ಹಾಕಿಸಿದ ಕಣ್ಣು, ಕೆಂಪು.
‘ಮಳಿ ನೀರು ಎತ್ತಾಗ ಹೋಗತೈತಿ ತಮ್ಮಾ?’ ಅಂದೆ.
ಲ್ಯಾಪ್‌ಟಾಪಿನಲ್ಲಿ ಛಾವಣಿಯನ್ನು ತಿರುಗಿಸಿದ, ಮತ್ತೂ ತಿರುಗಿಸಿದ.
ನೀರು ಎಲ್ಲೂ ಇಳಿಯಲಿಲ್ಲ.
‘ಭಾಳ ಕಷ್ಟದ ಕೆಲಸ’ ಎಂದರು ಕುಂದರಗಿ ಸರ್, ಹದಿನೆಂಟು ಬರೆದರು.
ಕಷ್ಟಪಟ್ಟದ್ದು ನಿಜ. ಅದನ್ನು ನಾನೂ ಅಲ್ಲಗಳೆಯಲಾರೆ.

ಆಮೇಲೆ ಫಿರ್ದೋಸ್ ನದಾಫ, ಬ್ಯಾಡಗಿಯ ಹುಡುಗಿ.
ಮೆಣಸಿನಕಾಯಿಯ ತೊಟ್ಟು ಬಿಡಿಸುವವರಿಗೊಂದು ಶೆಡ್ಡು.
ಒಂದೇ ಉದ್ದನೆಯ ಮಾಡು. ಒಂದು ಗೋಡೆ, ಅದೂ ಅರ್ಧ.
ಕುಂದರಗಿ ಸರ್ ಹಾಳೆ ಮಗುಚಿ ಹಿಂಬದಿ ನೋಡಿದರು
ಉಳಿದದ್ದು ಅಲ್ಲಿದ್ದೀತು ಎಂಬಂತೆ.
‘ಇಷ್ಟ ಏನವಾ?’
‘ಇಷ್ಟ ರೀ ಸರ್.’
‘ಐದ ವರ್ಷ ಕಲತು ಒಂದ ಗ್ವಾಡಿ?’

ಅವಳು ರಟ್ಟು ಹರಿದ ನೋಟ್‌ಬುಕ್ಕೊಂದನ್ನು ತೆಗೆದಳು.
ಫೆಬ್ರುವರಿಯ ಹದಿನೇಳು ದಿನ ಮಾರುಕಟ್ಟೆಯಲ್ಲಿ ನಡೆದಿದ್ದಾಳೆ
ಕೈಯಲ್ಲಿ ಟೇಪು ಹಿಡಿದು. ರಾಶಿಯಿಂದ ಎಷ್ಟು ಅಡಿ ಆಚೆಗೆ
ಯಾರ ಕೆಮ್ಮು ನಿಲ್ಲುತ್ತದೆ, ಬರೆದಿದ್ದಾಳೆ.
ಹಮಾಲರದು ಒಂಬತ್ತಕ್ಕೆ. ದಲಾಲರದು ನಲವತ್ತಕ್ಕೆ.
ತೊಟ್ಟು ಬಿಡಿಸುವ ಶಾಂತವ್ವನ ಮುಂದೆ ಬರೀ ಒಂದು ಗೆರೆ:
ಆಕೆಯ ಕೆಮ್ಮು ಆಕೆಯ ಜೊತೆ ಮನೆಗೆ ಹೋಗುತ್ತದೆ.
ಮೂಡಗಾಳಿಯ ಮುಂಜಾನೆ ಬೇರೆ, ಗಾಳಿ ತಿರುಗುವ ಸಂಜೆ ಬೇರೆ,
ಕೂಸು ಕಟ್ಟಿಕೊಂಡು ಬಂದವರದು ಬೇರೆಯೇ ಪುಟ.
‘ಎಲ್ಲಾರ ಕೆಮ್ಮೂ ಕೂಡಿಸಿ ನೋಡಿದ್ನಿರಿ ಮೇಡಂ.
ನಿಲ್ಲೂ ಜಾಗಾ ಒಂದ ಇತ್ತು. ಅಲ್ಲೆ ಗ್ವಾಡಿ ಇಟ್ಟೆ.’

ನನಗೆ ಸಪ್ತಾಪುರದ ಒಂದು ಮನೆ ನೆನಪಾಯಿತು.
ಎರಡು ಕೋಣೆ. ಅತ್ತೆ ಸೊಸೆ ಒಂದೇ ಅಡುಗೆಮನೆಯಲ್ಲಿ
ಬೆನ್ನಿಗೆ ಬೆನ್ನು ಮಾಡಿ ನಿಂತರೂ ಮುನಿಸು ಕಾಣದಂತೆ
ಒಲೆ ಎಲ್ಲಿಡಬೇಕು? ಹದಿನಾಲ್ಕು ನಕ್ಷೆ ಹರಿದಿದ್ದೆ.
ಕಟ್ಟಿ ಮುಗಿದ ಮೇಲೆ ಯಜಮಾನ ಅಂದ:
‘ಇದರಾಗೇನೈತ್ರಿ ಅಕ್ಕಾರ, ನಮ್ಮ ಗೌಂಡಿ ಸೈತ ಮಾಡತಿದ್ದ.’
ಫೀಸಿನಲ್ಲಿ ಐದು ಸಾವಿರ ಹಿಡಿದುಕೊಂಡ.
ಹರಿದ ಹಾಳೆ ತೋರಿಸಬೇಕಿತ್ತೇನೋ. ತೋರಿಸಲಿಲ್ಲ.

ತೊಡಕು ಇರುವುದು ಎಲ್ಲಿ,
ಗಂಟಿನಲ್ಲೋ, ಗಂಟು ಬಿಡಿಸಿದ ಉಗುರಿನಲ್ಲೋ?
ಕಾಲಮ್ಮು ಕೇಳುವುದು ಅದನ್ನಲ್ಲ.

ಅಷ್ಟರಲ್ಲಿ ಕರೆಂಟು ಬಂತು. ಫ್ಯಾನು ತಿರುಗಿತು.
ಅವಳ ಮಾಡೆಲ್ಲಿನ ಬೆಂಕಿಕಡ್ಡಿ ಕಂಬಗಳ ನಡುವೆ
ರಾಶಿಯೆಂದು ಸುರುವಿದ್ದು ನಿಜದ ಖಾರದ ಪುಡಿ.
ಕುಂದರಗಿ ಸರ್ ಸೀನಿದರು. ಮತ್ತೆ ಸೀನಿದರು.
ಕನ್ನಡಕ ಒರೆಸುತ್ತ ಎದ್ದು, ಹಿಂದೆ ಹಿಂದೆ ಸರಿದು
ಬಾಗಿಲ ಬಳಿ ನಿಂತು ನೆಟ್ಟಗೆ ಉಸಿರಾಡಿದರು.
ಫಿರ್ದೋಸಳ ಕಣ್ಣು ಅವರ ಬೂಟಿನ ಮೇಲಿತ್ತು.
ಅಳೆಯುತ್ತಿದ್ದಳೇನೋ.

ಎಂಟು ಬರೆದಿದ್ದರು. ವಾಪಸು ಬಂದು ಒಂಬತ್ತು ಮಾಡಿದರು.
ನಾನು ಹದಿನೇಳು. ಸರಾಸರಿ ಹದಿಮೂರು.
ತಿದ್ದಿದಲ್ಲಿ ಸಹಿ ಬೇಕು ಎಂದ ಗುಮಾಸ್ತ. ಹಾಕಿದೆವು.
ಜಗಳ ಆಡಬಹುದಿತ್ತು.
ಚಹಾ ಬಂತು, ಇನ್ನೂ ಹನ್ನೊಂದು ಹುಡುಗರು ಬಾಕಿ ಇದ್ದರು.

ಸಂಜೆ ಚಿಗರಿ ಬಸ್ಸಿನಲ್ಲಿ, ನವನಗರ ದಾಟುವಾಗ
ಮರೆತು ಕಣ್ಣುಜ್ಜಿಕೊಂಡೆ.
ಹೊರಡುವ ಮುಂಚೆ ಆ ರಾಶಿಯನ್ನು ಬೆರಳಲ್ಲಿ ಮುಟ್ಟಿ ನೋಡಿದ್ದೆ.
ಬಾಜೂ ಕೂತಾಕೆ ನೀರಿನ ಬಾಟಲಿ ಚಾಚಿದಳು:
‘ಯಾಕ್ರೀ, ಮನ್ಯಾಗ ಏನರ ಆತೇನು?’
‘ಇಲ್ರೀ,’ ಅಂದೆ, ‘ಮಾರ್ಕ್ಸ್ ಹಾಕಿ ಬಂದೆ.’
ಇನ್ನೊಂದು ಕಣ್ಣೂ ಉರಿಯತೊಡಗಿತ್ತು.